ಬೆಡ್‌ಶೀಟು ಮಡಿಸುವಾಗ ಆಡಿದ ಮಾತು

ಜೂನ್ ೪

ಅಕ್ಕಾ,

ನೀನು ಹೋದ ಮೇಲೆ ನನಗೆ ಮೊದಲು ಗೊತ್ತಾದದ್ದು ಏನೆಂದರೆ, ದೊಡ್ಡ ಬೆಡ್‌ಶೀಟನ್ನು ಒಬ್ಬಳೇ ಮಡಿಸುವುದಕ್ಕೆ ಆಗುವುದಿಲ್ಲ. ನಿನ್ನೆ ಲಿನನ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಪ್ರಯತ್ನ ಮಾಡಿದೆ. ಎರಡು ಮೂಲೆ ಕೈಯಲ್ಲಿ, ನಡುವಿನ ಅಂಚು ಗದ್ದದ ಕೆಳಗೆ. ಉಳಿದ ಎರಡು ಮೂಲೆ ನೆಲ ಗುಡಿಸಿದವು. ಒಗೆದು ಬಂದ ಶೀಟು ಮತ್ತೆ ಒಗೆಯಲು ಹೋಯಿತು. ನಮ್ಮ ಆಯಾ ಬಾಗಿಲು ತೆಗೆದು ನೋಡಿ, "ಏನ್ ಸಿಸ್ಟರ್, ಜೊತೆಗಾರ್ತಿ ಪ್ರಮೋಷನ್ ತಗೊಂಡು ಓಡಿಹೋದ್ರಾ?" ಅಂತ ಕೇಳಿದಳು. ಹೌದು ಅಂದೆ. ಇನ್ನೇನು ಹೇಳಲಿ?

ದೊಡ್ಡ ಕುರ್ಚಿ ಸಿಕ್ಕ ಮೇಲೆ ನಿನಗೆ ಇದೆಲ್ಲ ನೆನಪಿದೆಯೋ ಇಲ್ಲವೋ. ಈ ಗಂಡಸರ ವಾರ್ಡಿಗೆ ನಾನು ಬಂದ ಹೊಸದು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಆಗಿನ್ನೂ ಗುರುತು ಪರಿಚಯ ಇಲ್ಲದ ನೀನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೈಗೆ ಬೆಡ್‌ಶೀಟಿನ ಎರಡು ಮೂಲೆ ಕೊಟ್ಟೆ. "ಇದನ್ನ ಮಡಿಸೋ ತನಕ ಏನ್ ಬೇಕಾದ್ರೂ ಮಾತಾಡು. ಯಾರನ್ನ ಬೇಕಾದ್ರೂ ಬೈ. ಮಡಿಸಿ ಕಪಾಟಿಗಿಟ್ಟ ಮೇಲೆ ಆ ಮಾತು ಎತ್ತೋ ಹಾಗಿಲ್ಲ. ನಾನೂ ಎತ್ತಲ್ಲ" ಅಂದೆ. ಆವತ್ತು ನಾನು ದೊಡ್ಡ ಡಾಕ್ಟರನ್ನು ಬಯ್ದೆ, ಅವರ ಬೂಟನ್ನು ಬಯ್ದೆ, ಸತ್ತುಹೋದ ರೋಗಿಯನ್ನೂ ಬಯ್ದೆ. ನೀನು ಮುಖ ಗಂಟು ಹಾಕದೆ ನಿನ್ನ ಕಡೆಯ ಮೂಲೆ ಹಿಡಿದುಕೊಂಡು ನಿಂತಿದ್ದೆ. ನಾನು ನರ್ಸ್ ಕೆಲಸದಲ್ಲಿ ಉಳಿದದ್ದು ಆ ರೂಮಿನ ದೆಸೆಯಿಂದ. ಉಪನ್ಯಾಸ ಕೇಳಿ ಯಾರೂ ಉಳಿಯುವುದಿಲ್ಲ.

ಫೋನು ಮಾಡು ಅಂತೀಯ. ನನ್ನ ರೂಮಿನಲ್ಲಿ ಇನ್ನಿಬ್ಬರಿದ್ದಾರೆ, ಇಬ್ಬರಿಗೂ ಕಿವಿ ಚುರುಕು. ನೀನೋ ಯಾವಾಗಲೂ ಮೀಟಿಂಗಿನಲ್ಲಿ. ಅದಕ್ಕೇ ಕಾಗದ. ಆಸ್ಪತ್ರೆಯ ಟಪಾಲು ಚೀಲ ದಿನಾ ಇಲ್ಲಿಂದ ನಿಮ್ಮ ಮುಖ್ಯ ಆಸ್ಪತ್ರೆಗೆ ಬರುತ್ತದಲ್ಲ, ಅಂಟಿಸಿ ಅದರಲ್ಲಿ ಹಾಕುತ್ತೇನೆ. ಒಂದು ಕಾಗದ ಅಂದರೆ ಒಂದು ಬೆಡ್‌ಶೀಟು ಅಂತ ತಿಳಿದುಕೋ. ಅದೇ ನಿಯಮ. ಓದಿ ಹರಿದುಹಾಕು.

ಇವತ್ತು ಬೈಯುವುದಕ್ಕೆ ಯಾರೂ ಇಲ್ಲ. ಕಿಟಕಿ ಪಕ್ಕದ ಹಾಸಿಗೆಗೆ ಹೊಸಬರು ಬಂದಿದ್ದಾರೆ. ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ಮೈಗೆ ಲಕ್ವ ಹೊಡೆದಿದೆ, ತಲೆಯೂ ನೆಟ್ಟಗಿಲ್ಲ. ಆದರೆ ಗಂಟಲು ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಡಾಕ್ಟರು ರೌಂಡ್ಸಿಗೆ ಬಂದು ಹಾಸಿಗೆ ಸುತ್ತ ನಿಂತರೆ ಸಾಕು, "ಮುಂದೆ ಹೋಗಿ ಮುಂದೆ ಹೋಗಿ, ಒಳಗೆ ಜಾಗ ಇದೆ" ಅನ್ನುತ್ತಾರೆ. ದೊಡ್ಡ ಡಾಕ್ಟರು ನಿಜವಾಗಿಯೂ ಒಂದು ಹೆಜ್ಜೆ ಮುಂದೆ ಹೋದರು. ನಾನು ನಗು ತಡೆಯಲಾರದೆ ಡ್ರಿಪ್ ಸರಿಮಾಡುವವಳ ಹಾಗೆ ಗೋಡೆ ಕಡೆ ತಿರುಗಿದೆ.

ನಿನ್ನ ಮೂಲೆ ಖಾಲಿ ಇದೆ.

ಚೂಟಿ

*

ಜೂನ್ ೧೩

ಚೂಟಿ,

ನಿನ್ನ ಕಾಗದ ಓದಿ ಇಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಕೋಣೆಯ ಗುಮಾಸ್ತರು ಇಣುಕಿ ನೋಡಿ ಹೋದರು. ಇಲ್ಲಿ ಯಾರೂ ನಗುವುದಿಲ್ಲ. ಮೇಜು, ಕಂಪ್ಯೂಟರು, ತಿರುಗುವ ಕುರ್ಚಿ. ಮೊದಲ ದಿನ ಕುರ್ಚಿ ತಿರುಗಿ ಗೋಡೆಗೆ ಮುಖ ಮಾಡಿ ಕೂತಿದ್ದಾಗ ನಿರ್ದೇಶಕರು ಒಳಗೆ ಬಂದರು. ಎದ್ದು ನಿಂತರೆ ಕುರ್ಚಿ ಮಾತ್ರ ತಿರುಗುತ್ತಲೇ ಇತ್ತು. ಇಷ್ಟು ವರ್ಷ ನಿಂತೇ ಕೆಲಸ ಮಾಡಿದವಳು ನಾನು, ಕೂತು ಕೂತು ಸೊಂಟ ಹಿಡಿದುಕೊಂಡಿದೆ. ಇದನ್ನು ಯಾರಿಗೆ ಹೇಳಿದರೂ ಕೊಬ್ಬು ಅನ್ನುತ್ತಾರೆ.

ನನಗೆ ವಹಿಸಿರುವ ಕೆಲಸ ನರ್ಸುಗಳ ಒತ್ತಡದ ಬಗ್ಗೆ. ಎಲ್ಲಾ ಶಾಖೆಗಳಲ್ಲೂ ಹುಡುಗಿಯರು ಕೆಲಸ ಬಿಡುತ್ತಿದ್ದಾರಂತೆ. ಹಾಗಾಗಿ ಒತ್ತಡ ತಡೆದುಕೊಳ್ಳುವುದು ಹೇಗೆ ಅಂತ ನಾನು ಭಾಷಣ ಮಾಡಬೇಕಂತೆ. ಇನ್ನಿಬ್ಬರು ನರ್ಸುಗಳನ್ನು ಹಾಕಿಕೊಟ್ಟರೆ ಒತ್ತಡ ತಾನಾಗಿ ಕಡಿಮೆಯಾಗುತ್ತದೆ ಅಂತ ಹೇಳೋಣ ಅನ್ನಿಸಿತು. ಹೇಳಲಿಲ್ಲ. ಮೊದಲ ತಿಂಗಳಲ್ಲೇ ಬಾಯಿ ಬಿಚ್ಚಿದರೆ ಮತ್ತೆ ನಿನ್ನ ವಾರ್ಡಿಗೇ ಬಂದು ಬೀಳಬೇಕು. ನಿನಗೆ ಅದೇ ಬೇಕು ಅಂತ ಗೊತ್ತು.

ಬರೆಯುತ್ತಾ ಇರು. ಏನನ್ನೂ ಒಳಗೆ ಇಟ್ಟುಕೊಳ್ಳಬೇಡ. ನಿನ್ನದು ಒಳಗೊಳಗೇ ಬೇಯುವ ಸ್ವಭಾವ. ಎದುರಿಗಿದ್ದಾಗ ನಾನು ಮುಖ ನೋಡಿ ಕಂಡುಹಿಡಿಯುತ್ತಿದ್ದೆ. ಈಗ ನೀನೇ ಹೇಳಬೇಕು.

ನಿನ್ನ ಅಕ್ಕ

*

ಜುಲೈ ೨

ಅಕ್ಕಾ,

ಇದನ್ನು ಓದುವಾಗ ಬಾಗಿಲು ಹಾಕಿಕೋ.

ಇಬ್ಬರು ಕೆಲಸ ಬಿಟ್ಟರು, ಒಬ್ಬಳು ಬಾಣಂತಿ. ಅರ್ಧ ವಾರ್ಡು ನನ್ನ ಹೆಗಲಿಗೆ ಬಿದ್ದಿದೆ. ಮ್ಯಾಟ್ರನ್ ಹತ್ತಿರ ಹೋಗಿ ಕೇಳಿದರೆ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ, ನೀನು ಗಟ್ಟಿ ಹುಡುಗಿ" ಅಂದರು. ಈ ಗಟ್ಟಿ ಅನ್ನುವ ಬಿರುದು ಯಾರಿಗಾದರೂ ಬೇಕಿದ್ದರೆ ಧಾರಾಳವಾಗಿ ಕೊಟ್ಟುಬಿಡುತ್ತೇನೆ.

ಕಂಡಕ್ಟರಿಗೆ ಬೆನ್ನಲ್ಲಿ ಹುಣ್ಣಾಗಿದೆ. ಮಲಗಿದ ಕಡೆಯೇ ಮಲಗಿ ಆಗುವ ಹುಣ್ಣು, ನಿನಗೆ ಹೇಳಬೇಕೆ? ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು. ಇಬ್ಬರು ಮಾಡುವ ಕೆಲಸವನ್ನು ನಾನು ಒಬ್ಬಳೇ ಮಾಡುತ್ತಿದ್ದೇನೆ. ಇವತ್ತು ಬೆಳಿಗ್ಗೆಯಿಂದ ಬಾಯಿಗೆ ನೀರು ಬಿದ್ದಿರಲಿಲ್ಲ. ಅವರ ಹುಣ್ಣು ತೊಳೆದು, ಮುಲಾಮು ಹಚ್ಚಿ, ಹೊಸ ಶೀಟು ಹಾಸಿ, ಇನ್ನು ಹೋಗಿ ಒಂದು ಲೋಟ ಟೀ ಕುಡಿಯೋಣ ಅಂತ ಕೈ ತೊಳೆದೆ. ತಿರುಗಿ ನೋಡಿದರೆ ಶೀಟು ಮತ್ತೆ ಹೊಲಸಾಗಿತ್ತು.

ಆಗ ನನ್ನ ಮನಸ್ಸಿಗೆ ಬಂದದ್ದನ್ನು ಹಾಗೇ ಬರೆಯುತ್ತೇನೆ. ಈ ಮನುಷ್ಯ ಇವತ್ತೇ ಹೋಗಿಬಿಟ್ಟರೆ ನಾನು ಕೂತು ಒಂದು ಲೋಟ ಟೀ ಕುಡಿಯಬಹುದಲ್ಲ, ಅನ್ನಿಸಿತು. ಪಾಪ, ಅವರ ನೋವು ತೀರಲಿ ಅಂತ ಅಲ್ಲ ಅಕ್ಕಾ. ಹಾಗೆ ಅಂದುಕೊಂಡಿದ್ದರೆ ನಾನು ಒಳ್ಳೆಯವಳು ಅಂತ ನನಗೇ ಸಮಾಧಾನ ಇರುತ್ತಿತ್ತು. ನನ್ನ ಕಾಲು ನೋಯುತ್ತಿತ್ತು, ಅದಕ್ಕೆ. ಟೀ ಬೇಕಿತ್ತು, ಅದಕ್ಕೆ.

ಆಮೇಲೆ ಎಲ್ಲ ಮತ್ತೆ ಮಾಡಿದೆ. ತೊಳೆದೆ, ಒರೆಸಿದೆ, ಬದಲಿಸಿದೆ. ಕೈ ಒರಟಾಗಲಿಲ್ಲ, ಅಷ್ಟು ಮಾತ್ರ ಎದೆ ಮುಟ್ಟಿಕೊಂಡು ಹೇಳಬಲ್ಲೆ. ಅವರು ನನ್ನ ಮುಖ ನೋಡುತ್ತಾ, "ಮುಂದೆ ಹೋಗಿ ಮುಂದೆ ಹೋಗಿ" ಅಂದರು.

ಸಂಜೆ ಅವರ ಮಗಳು ಬಂದರು. ಸ್ಕೂಲ್ ಟೀಚರ್. ದಿನಾ ಸ್ಕೂಲು ಮುಗಿಸಿ ಬೆರಳಿನಲ್ಲಿ ಸೀಮೆಸುಣ್ಣ ಮೆತ್ತಿಕೊಂಡೇ ಬರುತ್ತಾರೆ. ಅಪ್ಪನ ತಲೆ ಬಾಚಿ, ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ಸಿಸ್ಟರ್, ನೀವಿದ್ದೀರಿ ಅಂತ ನಾನು ಮನೇಲಿ ಕಣ್ಣು ಮುಚ್ತೀನಿ" ಅಂದರು. ನಾನು ಕೈ ಬಿಡಿಸಿಕೊಂಡೆ. ಥರ್ಮಾಮೀಟರ್ ಹುಡುಕಬೇಕು ಅಂತ ಸುಳ್ಳು ಹೇಳಿದೆ.

ನಿನಗಲ್ಲದೆ ಇದನ್ನು ಯಾರಿಗೂ ಹೇಳುವುದಕ್ಕೆ ಆಗುವುದಿಲ್ಲ. ಅಮ್ಮನಿಗೆ ಹೇಳಿದರೆ ಕೆಲಸ ಬಿಡು ಅನ್ನುತ್ತಾಳೆ. ರೂಮಿನ ಹುಡುಗಿಯರಿಗೆ ಹೇಳಿದರೆ ನಾಳೆ ಕ್ಯಾಂಟೀನಿಗೆಲ್ಲ ಗೊತ್ತಾಗುತ್ತದೆ. ನೀನು ಓದಿ ಮಡಿಸಿ ಒಳಗಿಡು, ಅಷ್ಟು ಸಾಕು. ಉತ್ತರ ಬರೆಯಲೇಬೇಕು ಅಂತಿಲ್ಲ.

ಚೂಟಿ

*

ಜುಲೈ ೮

ಚೂಟಿ, ನನ್ನ ಬಂಗಾರ,

ಉತ್ತರ ಬರೆಯದೆ ಇರುವುದು ಹೇಗೆ? ಅದು ನೀನಲ್ಲ, ನಿನ್ನ ದಣಿವು. ಮನಸ್ಸಿಗೆ ಬಂದದ್ದಕ್ಕೆಲ್ಲ ಶಿಕ್ಷೆ ಕೊಡುವ ಹಾಗಿದ್ದರೆ ಒಂದು ವಾರ್ಡಿನಲ್ಲೂ ನರ್ಸ್ ಉಳಿಯುವುದಿಲ್ಲ. ಆ ಸುಟ್ಟ ಮಗುವಿನ ಹಾಸಿಗೆಯ ಪಕ್ಕ ನಿಂತು ನಾನು ಏನು ಬೇಡಿಕೊಂಡೆ, ಯಾತಕ್ಕೆ ಬೇಡಿಕೊಂಡೆ, ಮಡಿಸುವಾಗ ನಿನಗೆ ಹೇಳಿದ್ದೆ. ನಿಯಮ ಮುರಿದು ನಾನೇ ಆ ಮಾತು ಎತ್ತುತ್ತಿದ್ದೇನೆ, ನಿನಗೆ ಸಮಾಧಾನವಾಗಲಿ ಅಂತ. ಅವತ್ತು ನೀನು ನನ್ನನ್ನು ಬೇರೆ ಕಣ್ಣಿನಿಂದ ನೋಡಲಿಲ್ಲ. ನಾನೂ ನೋಡುವುದಿಲ್ಲ.

ಹೊಟ್ಟೆಗೆ ಸರಿಯಾಗಿ ತಿನ್ನು. ಕಾಲಿಗೆ ಬಿಸಿನೀರು ಹಾಕಿಕೋ.

ನನ್ನ ಭಾಷಣ ಮುಂದಿನ ತಿಂಗಳು. ಎಲ್ಲಾ ಶಾಖೆಯವರೂ ಬರುತ್ತಾರೆ. ಬರೆದದ್ದನ್ನು ನಿರ್ದೇಶಕರಿಗೆ ತೋರಿಸಿದೆ. "ಮನಸ್ಸಿಗೆ ಮುಟ್ಟೋ ಹಾಗಿಲ್ಲ, ಪಾಠ ಓದಿದ ಹಾಗಿದೆ" ಅಂದರು. ಏನು ಮಾಡುವುದೋ ತಿಳಿಯದೆ ಕೂತಿದ್ದೇನೆ.

ಅಂದ ಹಾಗೆ, ಕಂಡಕ್ಟರು ಆ ಮಾತನ್ನು ಹೇಗೆ ಹೇಳುತ್ತಾರೆ? ಕೂಗಿ ಹೇಳುತ್ತಾರೋ, ಮೆಲ್ಲಗೋ? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ

*

ಜುಲೈ ೨೨

ಅಕ್ಕಾ,

ಕೂಗುವುದಿಲ್ಲ. ತುಂಬಿದ ಬಸ್ಸಿನಲ್ಲಿ ದಿನಕ್ಕೆ ನೂರು ಸಲ ಹೇಳಿ ಅಭ್ಯಾಸವಾದವರು ಹೇಗೆ ಹೇಳುತ್ತಾರೋ ಹಾಗೆ. ಮೊದಲ "ಮುಂದೆ ಹೋಗಿ" ಬೇಸರದಲ್ಲಿ, ಎರಡನೆಯದು ಇನ್ನೂ ಬೇಸರದಲ್ಲಿ, "ಒಳಗೆ ಜಾಗ ಇದೆ" ಅನ್ನುವಾಗ ಮಾತ್ರ ಸ್ವಲ್ಪ ಮರ್ಯಾದೆ. ಹೇಳುತ್ತಿದ್ದರು ಅಂತ ಬರೆಯಬೇಕಿತ್ತು. ಮೊನ್ನೆ ಮಧ್ಯಾಹ್ನ ಹೋದರು.

ನನ್ನದೇ ಡ್ಯೂಟಿ. ಉಸಿರು ದೂರ ದೂರವಾಯಿತು. ಡಾಕ್ಟರು ಬಂದು ನೋಡಿ ತಲೆ ಅಲ್ಲಾಡಿಸಿ ಹೋದರು. ಮಗಳಿಗೆ ಸ್ಕೂಲಿಗೆ ಫೋನು ಮಾಡಿಸಿ, ಅವರು ಬರುವವರೆಗೂ ನಾನು ಕದಲಲಿಲ್ಲ. ಉಳಿದ ಹಾಸಿಗೆಯವರು ಕರೆಯುತ್ತಲೇ ಇದ್ದರು, ಆಯಾಳನ್ನು ಕಳಿಸಿದೆ. ತುಟಿ ಒಣಗದ ಹಾಗೆ ಹತ್ತಿಯಲ್ಲಿ ನೀರು ಹಚ್ಚುತ್ತಾ ಕೂತೆ. ಮಗಳು ಬಂದು ಅಪ್ಪನ ಕೈ ಹಿಡಿದುಕೊಂಡ ಮೇಲೆ ಹೋದರು. ಆಕೆ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು. ಯೂನಿಫಾರ್ಮಿಗೆಲ್ಲ ಸೀಮೆಸುಣ್ಣ.

ಆಮೇಲೆ ನನಗೆ ಟೀ ಕುಡಿಯುವಷ್ಟು ಹೊತ್ತು ಸಿಕ್ಕಿತು. ಕುಡಿಯಲಿಲ್ಲ. ಇದನ್ನೂ ಮಡಿಸಿಡು.

ಚೂಟಿ

*

ಆಗಸ್ಟ್ ೧೭

ಚೂಟಿ,

ಅವಸರದಲ್ಲಿ ನಾಲ್ಕು ಸಾಲು. ಭಾಷಣ ಚೆನ್ನಾಗಿ ಆಯಿತು. ಚೆನ್ನಾಗಿ ಅಂದರೆ, ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮೊದಲು ನಗಿಸಿದೆ, ಆಮೇಲೆ ಎಲ್ಲರ ಕಣ್ಣೂ ಒದ್ದೆಯಾಯಿತು. ವಾರ್ಡಿನ ಒಂದು ಉದಾಹರಣೆ ಕೊಟ್ಟೆ. ನಿರ್ದೇಶಕರು ವೇದಿಕೆಯಲ್ಲೇ ಕೈ ಕುಲುಕಿದರು. ಎಲ್ಲಾ ಶಾಖೆಗಳ ನರ್ಸಿಂಗ್ ಮುಖ್ಯಸ್ಥೆಯ ಜಾಗಕ್ಕೆ ನನ್ನ ಹೆಸರು ಓಡುತ್ತಿದೆಯಂತೆ. ಆ ಜಾಗಕ್ಕೆ ಹೋದರೆ ಇನ್ನಿಬ್ಬರು ನರ್ಸುಗಳನ್ನು ನಾನೇ ನಿನ್ನ ವಾರ್ಡಿಗೆ ಹಾಕಿಕೊಡಬಹುದು, ಯೋಚನೆ ಮಾಡು.

ನಿನ್ನ ಶಾಖೆಯಿಂದ ಬಂದವರು ಯಾರೂ ಏನೂ ಹೇಳಲಿಲ್ಲ ತಾನೆ?

ಅಕ್ಕ

*

ಸೆಪ್ಟೆಂಬರ್ ೫

ಅಕ್ಕಾ,

ನಮ್ಮ ಶಾಖೆಯಿಂದ ಬಂದವರು ಏನೂ ಹೇಳಲಿಲ್ಲ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿನಿಂದ ಎದ್ದು ಹೋಗುತ್ತಿದ್ದರು, ಅಷ್ಟೆ. ಯಾಕೆ ಅಂತ ನನಗೆ ತಿಳಿದಿರಲಿಲ್ಲ. ಹೇಳಿದ್ದು ಕಂಡಕ್ಟರ ಮಗಳು.

ನಿನ್ನೆ ಅವರು ವಾರ್ಡಿಗೆ ಬಂದರು. ಕೈಯಲ್ಲಿ ಮೊಬೈಲು. ನನ್ನನ್ನು ನೋಡಲು ಬಂದಿದ್ದಾರೆ ಅಂತ ನಾನು ನಗುತ್ತಲೇ ಹೋದೆ. "ಸಿಸ್ಟರ್, ಇದು ನಮ್ಮಪ್ಪ ಅಲ್ವಾ?" ಅಂತ ಮೊಬೈಲು ತೋರಿಸಿದರು. ಯಾರೋ ಸಭೆಯಲ್ಲಿ ಕೂತು ನಿನ್ನ ಭಾಷಣದ ವಿಡಿಯೋ ಹಿಡಿದಿದ್ದರು. ಅದು ಕೈಯಿಂದ ಕೈಗೆ ದಾಟಿ ಅವರ ಸ್ಕೂಲಿನ ತನಕ ಹೋಗಿದೆ.

ಆ ಚಿಕ್ಕ ಪರದೆಯಲ್ಲಿ ನೀನು ನಿಂತಿದ್ದೆ, ಹೊಸ ಸೀರೆ ಉಟ್ಟುಕೊಂಡು. ಲಿನನ್ ರೂಮಿನ ಮಾತು ಹೇಳಿದೆ. ಮೂಲೆ ಹಿಡಿಯುವುದನ್ನು ಕೈಯಲ್ಲಿ ಮಾಡಿಯೂ ತೋರಿಸಿದೆ. ಆಮೇಲೆ "ನನಗೆ ಗೊತ್ತಿರುವ ಒಬ್ಬ ನರ್ಸ್" ಅಂತ ಶುರುಮಾಡಿದೆ. ಊರು ಬದಲಿಸಿದ್ದೆ. ವಾರ್ಡು ಬದಲಿಸಿದ್ದೆ. ರೋಗಿಗೆ ಬೇರೆ ಕಾಯಿಲೆ ಕೊಟ್ಟಿದ್ದೆ. ನನಗೆ ಎರಡು ಮಕ್ಕಳನ್ನೂ ಕೊಟ್ಟಿದ್ದೆ. ಎಲ್ಲ ಬದಲಿಸಿದವಳಿಗೆ "ಮುಂದೆ ಹೋಗಿ ಮುಂದೆ ಹೋಗಿ, ಒಳಗೆ ಜಾಗ ಇದೆ" ಅನ್ನುವುದನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ. ಮೊದಲು ಬೇಸರ, ಆಮೇಲೆ ಇನ್ನೂ ಬೇಸರ, ಕೊನೆಗೆ ಸ್ವಲ್ಪ ಮರ್ಯಾದೆ. ನಾನು ಬರೆದುಕೊಟ್ಟ ಹಾಗೇ ಹೇಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು. ನಗು ಇಳಿಯುವುದನ್ನೇ ಕಾದು ಟೀ ಮಾತು ಹೇಳಿದೆ.

ಮಗಳು ಮೊಬೈಲು ಆರಿಸಿ ಕೇಳಿದರು. "ಆ ನರ್ಸ್ ಯಾರು?"

ನನಗೇನು ಗೊತ್ತು ಅಂತ ಹೇಳಬಹುದಿತ್ತು. ಅವರ ಮುಖ ನೋಡಿ ಆಗಲಿಲ್ಲ. "ನಾನೇ" ಅಂದೆ.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಇವತ್ತು ನಾನು ನೆಟ್ಟಗಿರುತ್ತಿದ್ದೆ. ಅವರು ಮೊಬೈಲು ಬ್ಯಾಗಿಗೆ ಹಾಕಿಕೊಂಡು, "ಟೀ ಬೇಕು ಅಂತ ಹೇಳಿದ್ರೆ ನಾನೇ ತಂದುಕೊಡ್ತಿದ್ದೆನಲ್ಲಾ ಸಿಸ್ಟರ್" ಅಂದರು. ಆಮೇಲೆ ಅಪ್ಪನ ಹಾಸಿಗೆ ಇದ್ದ ಕಡೆ ನೋಡಿದರು. ಅಲ್ಲಿ ಈಗ ಇನ್ಯಾರೋ ಇದ್ದಾರೆ. "ಕೊನೇ ದಿನ ನಾನು ಬರೋ ಮುಂಚೆ ಏನಾಯ್ತು ಅಂತ ನನಗೆ ಗೊತ್ತಾಗ್ಬೇಕು" ಅಂದು ಸೀದಾ ಮ್ಯಾಟ್ರನ್ ಕೋಣೆಗೆ ಹೋದರು.

ಅಕ್ಕಾ, ನಾನು ಅವರನ್ನು ದೂರುವುದಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹೋಗುತ್ತಿದ್ದೆ.

ಇವತ್ತು ಬೆಳಿಗ್ಗೆ ನನ್ನನ್ನು ವಾರ್ಡಿನಿಂದ ತೆಗೆದಿದ್ದಾರೆ. ವಿಚಾರಣೆ ಮುಗಿಯುವ ತನಕ ಕೆಳಗಿನ ಮಹಡಿಯಲ್ಲಿ ಕತ್ತರಿ, ಚಿಮಟ ತೊಳೆದು ಹಬೆಯಲ್ಲಿಡುವ ಕೆಲಸ. ನಿನ್ನನ್ನೂ ಕರೆಸಿ ಕೇಳುತ್ತಾರಂತೆ.

ನನಗೆ ಮೈ ಉರಿಯುತ್ತಿದೆ. ಯಾಕೆ ಮಾಡಿದೆ ಅಂತ ಆಮೇಲೆ ಕೇಳುತ್ತೇನೆ, ಕೇಳದೆ ಬಿಡುವುದಿಲ್ಲ. ಈಗ ಒಂದೇ ಒಂದು ಕೆಲಸ ಮಾಡು. ವಿಚಾರಣೆ ಸಮಿತಿಯವರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳು. ದಣಿದಾಗ ಯಾರ ಬಾಯಲ್ಲಾದರೂ ಇಂಥ ಮಾತು ಬರುತ್ತದೆ, ನನ್ನ ಬಾಯಲ್ಲೂ ಬಂದಿದೆ ಅಂತ ಹೇಳು. ಮಗುವಿನ ವಿಷಯ ಹೇಳಬೇಡ. ಬರೇ "ನಾನೂ ಅಂದಿದ್ದೇನೆ" ಅಂದರೆ ಸಾಕು. ನೀನು ದೊಡ್ಡ ಹೆಸರಿನವಳು. ನೀನೂ ಅಂದಿದ್ದೀಯ ಅಂತಾದರೆ ಅದು ನರ್ಸುಗಳ ದಣಿವು ಅನ್ನಿಸಿಕೊಳ್ಳುತ್ತದೆ. ನಾನೊಬ್ಬಳೇ ಅಂದದ್ದು ಅಂತಾದರೆ ನಾನು ಕೊಲೆಗಾತಿ. ರೋಗಿಗಳ ಹತ್ತಿರ ನನ್ನನ್ನು ಬಿಡುತ್ತಾರೋ ಇಲ್ಲವೋ ಅನ್ನುವುದು ಆ ಎರಡು ಪದದ ಮೇಲಿದೆ.

ಚೂಟಿ

*

ಸೆಪ್ಟೆಂಬರ್ ೨೦

ಅಕ್ಕಾ,

ನಿನ್ನ ಉತ್ತರ ಬಂದಿಲ್ಲ. ಫೋನು ಎತ್ತುತ್ತಿಲ್ಲ. ಟಪಾಲು ಚೀಲ ದಿನಾ ಬರುತ್ತಿದೆ.

ಚೂಟಿ

*

ಅಕ್ಟೋಬರ್ ೬

ಚೂಟಿ,

ಈ ಕಾಗದವನ್ನು ಎಷ್ಟೋ ಸಲ ಬರೆದು ಹರಿದೆ.

ಮೊದಲು ಇದನ್ನು ನಂಬು. ನಿನಗೆ ಕೆಟ್ಟದು ಮಾಡಬೇಕು ಅಂತ ನನ್ನ ಮನಸ್ಸಿನಲ್ಲಿ ಇರಲಿಲ್ಲ. ನಿಮ್ಮೆಲ್ಲರ ಕಷ್ಟ ದೊಡ್ಡವರ ಕಿವಿಗೆ ಬೀಳಲಿ ಅಂತ ಹೇಳಿದೆ. ಅಂಕಿ ಅಂಶ ಹೇಳಿದಾಗ ಅವರು ಮೊಬೈಲು ನೋಡುತ್ತಾ ಕೂತಿದ್ದರು. ನಿನ್ನ ಟೀ ಮಾತು ಹೇಳಿದಾಗ ಒಬ್ಬರೂ ಅಲ್ಲಾಡಲಿಲ್ಲ. ಕಂಡಕ್ಟರ ಮಾತು ಬಿಡಬೇಕಿತ್ತು. ಬರೆದುಕೊಂಡ ಹಾಳೆಯಲ್ಲಿ ಅದನ್ನು ಹೊಡೆದುಹಾಕಿದ್ದೆ. ವೇದಿಕೆ ಮೇಲೆ ನಿಂತಾಗ, ಜನ ಆಕಳಿಸುತ್ತಿದ್ದಾಗ, ಬಾಯಿಗೆ ಬಂದುಬಿಟ್ಟಿತು.

ಸಮಿತಿಯವರು ನನ್ನನ್ನು ಕರೆಸಿದ್ದರು. ನಾನಾಗಿ ನಿನ್ನ ಹೆಸರು ಹೇಳಲಿಲ್ಲ. ಅವರೇ ಹೇಳಿ, ಹೌದಾ ಅಂತ ಕೇಳಿದರು. ನೀನು ಒಪ್ಪಿಕೊಂಡ ಮೇಲೆ ನಾನು ಇಲ್ಲ ಅನ್ನುವುದು ಹೇಗೆ?

ಆಮೇಲೆ, "ನೀವೂ ಇಂಥ ಮಾತು ಆಡಿದ್ದೀರಾ?" ಅಂತ ಕೇಳಿದರು. ಪಕ್ಕದಲ್ಲಿ ನಿರ್ದೇಶಕರು ಕೂತಿದ್ದರು. ಮುಖ್ಯಸ್ಥೆಯ ಆದೇಶ ಸಹಿಗೆ ಹೋಗಿತ್ತು. ನಾನು ಇಲ್ಲ ಅಂದೆ.

ಬೈಯಿ. ನಿನಗೆ ಆ ಹಕ್ಕಿದೆ. ಆದರೆ ಸ್ವಲ್ಪ ನನ್ನ ಕಡೆಯಿಂದಲೂ ನೋಡು. ನಾನು ಆ ಜಾಗದಲ್ಲಿ ಕೂತರೆ ನಿನ್ನಂಥವರಿಗೆ ಏನಾದರೂ ಮಾಡಬಹುದು. ಇಬ್ಬರೂ ಬಿದ್ದರೆ ಯಾರಿಗೆ ಏನು ಲಾಭ?

ನಿನ್ನನ್ನು ಕೈಬಿಡುವುದಿಲ್ಲ. ನನ್ನ ತರಬೇತಿ ವಿಭಾಗದಲ್ಲಿ ಒಂದು ಜಾಗ ಮಾಡಿಸಿದ್ದೇನೆ. ಕೂತು ಮಾಡುವ ಕೆಲಸ, ರಾತ್ರಿ ಡ್ಯೂಟಿ ಇಲ್ಲ, ಕಾಲು ನೋವೂ ಇಲ್ಲ. ಬಾ. ದಿನಾ ಮುಖ ನೋಡಿಕೊಂಡಿರೋಣ. ಮುಂದಿನ ವಾರ ನಿನ್ನನ್ನು ಕರೆಸುತ್ತಾರೆ. ಮಾತು ಎಷ್ಟು ಬೇಕೋ ಅಷ್ಟಿರಲಿ. ಸುಟ್ಟ ಮಗುವಿನ ವಿಷಯ ನಿನ್ನ ಹೊಟ್ಟೆಯಲ್ಲಿರಲಿ ಅಂತ ನಾನು ಕೇಳಬೇಕಾಗಿಲ್ಲ, ಅಲ್ಲವಾ?

ಅಕ್ಕ

*

ಡಿಸೆಂಬರ್ ೩

ಅಕ್ಕಾ,

ನೀನು ಕರೆದ ಜಾಗಕ್ಕೆ ನಾನು ಬರಲಿಲ್ಲ, ಇಲ್ಲ ಅಂತ ಉತ್ತರವನ್ನೂ ಬರೆಯಲಿಲ್ಲ. ನಿನಗೆ ತಿಳಿದಿರಬೇಕು. ಮುಖ್ಯಸ್ಥೆಯ ಮೇಜಿನ ಮೇಲೆ ನನ್ನ ರಾಜೀನಾಮೆ ಹಾದುಹೋಗಿಯೇ ಇರುತ್ತದೆ. ಅದರ ಮೇಲೆ ಸಹಿ ಹಾಕುವಾಗ ನಿನಗೆ ಏನನ್ನಿಸಿತೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕು ಅಂತಲೂ ಇಲ್ಲ. ಒಂದೆರಡು ವಿಷಯ ನನ್ನ ಕೈಯಿಂದಲೇ ನಿನಗೆ ತಲುಪಲಿ ಅಂತ ಬರೆಯುತ್ತಿದ್ದೇನೆ.

ಸಮಿತಿಯ ಕೋಣೆಯಲ್ಲಿ ಮೂವರಿದ್ದರು. ಕಂಡಕ್ಟರ ಮಗಳನ್ನೂ ಕರೆಸಿದ್ದರು. ಕೊನೆಯ ದಿನದ್ದನ್ನೆಲ್ಲ ಡಾಕ್ಟರು ಹೇಳಿದರು, ಆಯಾ ಹೇಳಿದಳು. ನಮ್ಮ ಆಯಾ ಯಾರನ್ನೂ ಲೆಕ್ಕಿಸದೆ, "ಸಿಸ್ಟರು ಎದ್ದು ಹೋಗ್ಲಿಲ್ಲ, ನಾನೇ ಓಡಾಡಿ ಸತ್ತೆ" ಅಂದಳು. ಒಬ್ಬ ಸದಸ್ಯರಿಗೆ ನಗು ಬಂದು ನೀರು ಕುಡಿದರು. ಚಿಕಿತ್ಸೆಯಲ್ಲಿ ತಪ್ಪೇನೂ ಇಲ್ಲ ಅಂತಾಯಿತು.

ಮಗಳನ್ನು, "ಈಗ ನಿಮಗೆ ಸಮಾಧಾನವಾಯ್ತಾ?" ಅಂತ ಕೇಳಿದರು. ಅವರು ನನ್ನನ್ನೇ ನೋಡುತ್ತಾ ಹೇಳಿದರು. "ಇವರು ನಮ್ಮಪ್ಪನ್ನ ಚೆನ್ನಾಗಿ ನೋಡ್ಕೊಂಡ್ರು. ಅದೂ ನಿಜ. ಇವರು ಹಾಗಂದ್ರು, ಅದೂ ನಿಜ. ಎರಡನ್ನೂ ಇಟ್ಕೊಂಡು ನಾನೇನು ಮಾಡ್ಲಿ, ನೀವೇ ಹೇಳಿ." ಸದಸ್ಯರು ಫೈಲು ಮುಚ್ಚಿದರು. ಆಚೆ ಬಂದ ಮೇಲೆ ನಾನು ಅವರ ಹತ್ತಿರ ಹೋದೆ. ಅವರು ಬ್ಯಾಗು ಎದೆಗೆ ಒತ್ತಿಕೊಂಡು, "ಬೇಡ ಸಿಸ್ಟರ್" ಅಂದರು. ಇಷ್ಟಕ್ಕೂ ನಾನು ಏನು ಹೇಳಬೇಕೆಂದಿದ್ದೆನೋ ನನಗೇ ಗೊತ್ತಿರಲಿಲ್ಲ.

ಅದಕ್ಕೂ ಮುಂಚೆ ನಿನ್ನ ವಿಷಯ ಬಂತು. ನಿರ್ದೇಶಕರ ಕಡೆಯವರು ಬಹಳ ಮೃದುವಾಗಿ ಕೇಳಿದರು. "ಆ ರೂಮಿನಲ್ಲಿ ನೀವಿಬ್ಬರೂ ಮಾತಾಡ್ತಿದ್ರಂತೆ. ಅವರೂ ಇಂಥ ಮಾತು ಆಡಿದ್ರಾ? ಆಡಿದ್ರೆ ಹೇಳಿ, ನಿಮಗೇ ಒಳ್ಳೇದು." ಅಕ್ಕಾ, ನನ್ನ ಬಾಯಿಗೆ ಬಂದಿತ್ತು. ಆ ಮಗುವಿನ ಹಾಸಿಗೆ, ನೀನು ಬೇಡಿಕೊಂಡದ್ದು, ಯಾತಕ್ಕೆ ಅನ್ನುವುದು, ಎಲ್ಲ ನಾಲಿಗೆ ತುದಿಯಲ್ಲಿತ್ತು. ಹೇಳಿದ್ದರೆ ಇವತ್ತು ನಾನು ನನ್ನ ವಾರ್ಡಿನಲ್ಲಿರುತ್ತಿದ್ದೆ, ನೀನು ಎಲ್ಲಿರುತ್ತಿದ್ದೆಯೋ. ನಿನ್ನನ್ನು ಬೀಳಿಸಬೇಕು ಅಂತ ನನಗೆ ತುಂಬಾ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ?

"ಅವರ ಮಾತು ಅವರನ್ನೇ ಕೇಳಿ" ಅಂದೆ. ಮೂರು ಸಲ ಕೇಳಿದರು, ಮೂರು ಸಲವೂ ಅದನ್ನೇ ಅಂದೆ. ನಿನ್ನ ಮೇಲಿನ ಪ್ರೀತಿಗೆ ಅಂತ ತಿಳಿದುಕೊಂಡು ಕಣ್ಣೀರು ಹಾಕಬೇಡ. ಹೇಳಿದ್ದರೆ ನಾನೂ ನೀನೂ ಒಂದೇ ಆಗುತ್ತಿದ್ದೆವು. ಅದು ನನಗೆ ಬೇಡವಾಗಿತ್ತು, ಅಷ್ಟೆ.

ಸದ್ಯಕ್ಕೆ ರೋಗಿಗಳ ಹತ್ತಿರ ಬೇಡ ಅಂತ ತೀರ್ಮಾನ ಮಾಡಿದರು. ಸದ್ಯಕ್ಕೆ ಅಂದರೆ ಎಷ್ಟು ದಿನ ಅಂತ ಕೇಳಿದರೆ, ನೋಡೋಣ ಅಂದರು. ಚಿಮಟ ತೊಳೆದುಕೊಂಡು ನೋಡುತ್ತಾ ಕೂರುವುದು ನನ್ನಿಂದಾಗಲಿಲ್ಲ. ಇಲ್ಲಿ ಒಂದು ಚಿಕ್ಕ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನಲ್ಲಿ ಸೇರಿಕೊಂಡಿದ್ದೇನೆ. ಹೊಸಬಳ ಹಾಗೆ ಎಲ್ಲರಿಗಿಂತ ಕೆಳಗಿನಿಂದ. ಸಂಬಳ ಕಡಿಮೆ, ಬೆನ್ನು ನೋವು ಅಷ್ಟೇ. ಆದರೂ ರೋಗಿಯ ಕೈ ಹಿಡಿದು ನಾಡಿ ನೋಡಿದಾಗ ನಾನು ಮತ್ತೆ ನಾನಾದೆ ಅನ್ನಿಸಿತು. ನಿನ್ನ ಕುರ್ಚಿಯಲ್ಲಿ ಅದು ಸಿಗುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಒಬ್ಬ ಅಜ್ಜಿ ತೀರಿಕೊಂಡರು. ಬಹಳ ಕಾಡಿದವರು, ಎಲ್ಲರನ್ನೂ ಬೈದವರು. ನಾನು ಅವರನ್ನು ಮನಸ್ಸಿನಲ್ಲಿ ಬಯ್ದುಕೊಂಡ ಹಾಗೆ ಇಲ್ಲಿ ಯಾರೂ ಬಯ್ದಿರಲಾರರು. ಎಲ್ಲ ಮುಗಿಸಿ ಕೈ ತೊಳೆಯುತ್ತಾ ನಿಂತಾಗ ನನ್ನ ಜೊತೆ ಡ್ಯೂಟಿಯಲ್ಲಿದ್ದ ಹುಡುಗಿ ಪಕ್ಕದಲ್ಲಿ ಬಂದು ನಿಂತಳು. ಒಳ್ಳೆಯ ಹುಡುಗಿ, ಮಾತು ಕಡಿಮೆ. ನಲ್ಲಿ ನಿಲ್ಲಿಸಿ, "ಅಕ್ಕಾ, ಮುಖ ಯಾಕೋ ಸರಿ ಇಲ್ಲ. ಮನಸ್ಸಲ್ಲಿ ಏನಾದ್ರೂ ಇದ್ರೆ ನನಗೆ ಹೇಳಿ. ನಾನು ಯಾರಿಗೂ ಹೇಳಲ್ಲ" ಅಂದಳು.

"ಏನಿಲ್ಲ ಕಣೇ, ಚೆನ್ನಾಗಿದ್ದೀನಿ. ಹೋಗಿ ಊಟ ಮಾಡು" ಅಂದೆ. ಅವಳು ನಂಬಿ ಹೋದಳು.

ಆ ಹುಡುಗಿ ನಿಜವಾಗಿಯೂ ಯಾರಿಗೂ ಹೇಳುತ್ತಿರಲಿಲ್ಲ ಅಕ್ಕಾ. ಅದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನನಗೆ ಬಾಯಿ ಬರಲಿಲ್ಲ.

ಚೂಟಿ